ಲೈಟಣ್ಣನ ಬಜರಿಗೆ ಇನ್ನೊಬ್ಬರ ಕಿವಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟ್ಯಾಕ್ಸಿ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನ ಮುಂದೆ ಹಳೆಯ ಕಾರೊಂದು ಬಾನೆಟ್ ಎತ್ತಿಕೊಂಡು ನಿಂತಿದೆ. ಅದರ ಎಡಗಡೆಯ ಹೆಡ್‌ಲೈಟು ಮಂಕು. ಚಾಲಕ ಎರಡು ಸಲ ಬಲ್ಬು ಬದಲಾಯಿಸಿ, ಬಲ್ಬು ಮಾರಿದವನಿಗೆ ಮನಸಾರೆ ಶಾಪ ಹಾಕಿ ಸುಸ್ತಾಗಿದ್ದಾನೆ. ಶೆಡ್ಡಿನಲ್ಲಿ ಗಾಡಿಗಳ ವೈರಿಂಗ್ ರಿಪೇರಿ ಮಾಡುವ ಲೈಟಣ್ಣ ಬಲ್ಬಿನ ಗೋಜಿಗೇ ಹೋಗುವುದಿಲ್ಲ. ಬ್ಯಾಟರಿಯ ಮೈನಸ್ಸಿನಿಂದ ಒಂದು ತುಂಡು ತಂತಿ ಎಳೆದು ಲೈಟಿನ ಅರ್ಥ್ ತಂತಿಗೆ ತಾಗಿಸುತ್ತಾರೆ. ಲೈಟು ಝಗ್ಗನೆ ಉರಿಯುತ್ತದೆ.

"ಬಲ್ಬು ಚೆನ್ನಾಗೇ ಇದೆ. ಅರ್ಥ್ ಸ್ಕ್ರೂ ತುಕ್ಕು ಹಿಡಿದಿದೆ, ಅಷ್ಟೇ," ಎಂದು ತುಕ್ಕು ಕೆರೆಯಲು ಕೂರುತ್ತಾರೆ. ಮೊಣಕಾಲು ಮಡಚುವಾಗ ಒಮ್ಮೆ ಕಣ್ಣು ಮುಚ್ಚುತ್ತಾರೆ. ಈ ಕಾಲುಗಳಿಗೆ ಬೆಳಗಾಗುವುದೇ ಬೇಸರ.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರದು ಒಂದೇ ಗೋಳು. ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಿನಲ್ಲಿ ಲೈಟು ಆರಿಸದೆ ಮನೆಗೆ ಹೋಗುತ್ತಾರೆ. ಎದ್ದು ಬಂದು ನೋಡಿದರೆ ಬ್ಯಾಟರಿ ಮಲಗಿರುತ್ತದೆ. ಅಂಥವರಿಗೆಂದೇ ಲೈಟಣ್ಣ ಬೆಂಕಿಪೊಟ್ಟಣದಷ್ಟು ದೊಡ್ಡ ಬಜರ್ ಕೂರಿಸಿಕೊಡುತ್ತಾರೆ. ಅದರ ಕೆಂಪು ತಂತಿ ಲೈಟಿನ ಲೈನಿಗೆ, ಕರಿ ತಂತಿ ಬಾಗಿಲಿನ ಸ್ವಿಚ್ಚಿಗೆ. ಲೈಟು ಆರಿಸದೆ ಬಾಗಿಲು ತೆಗೆದರೆ ಸಾಕು, ಅದು ಬೀದಿಗೆಲ್ಲ ಕೇಳುವಂತೆ ಅರಚುತ್ತದೆ.

ಬೀದಿಗೆಲ್ಲ ಕೇಳುತ್ತದೆ, ಲೈಟಣ್ಣನಿಗೆ ಕೇಳುವುದಿಲ್ಲ. ಹಾರ್ನುಗಳ ಮುಂದೆ ತಲೆಯಿಟ್ಟೇ ಆಯಸ್ಸು ಕಳೆದವರು. ಮೊದಲು ಬಲಗಿವಿ ಹೋಯಿತು, ಆಮೇಲೆ ಎಡಗಿವಿ ಅದರ ಹಿಂದೆಯೇ ಹೋಯಿತು. ಗಿರಾಕಿಗಳಿಗೆ ಹೇಳಿಲ್ಲ. ತುಟಿ ನೋಡಿ ಮಾತು ಹಿಡಿಯುತ್ತಾರೆ. ಬೆನ್ನ ಹಿಂದಿನಿಂದ ಕರೆದು ಉತ್ತರ ಸಿಗದವರು ಇವರಿಗೆ ಜಂಬ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಎಂದು ಇವರೂ ಬಿಟ್ಟಿದ್ದಾರೆ.

ಬಜರ್ ಕೂಗಿತೋ ಇಲ್ಲವೋ ಎಂದು ಅದರ ಮೇಲೆ ಬೆರಳಿಟ್ಟು ತಿಳಿಯುತ್ತಿದ್ದ ಕಾಲವೊಂದಿತ್ತು. ಒಮ್ಮೆ ಕರಿ ತಂತಿ ಸ್ವಿಚ್ಚಿಗೆ ಹೋಗುವ ಬದಲು ನೇರ ಗಾಡಿಯ ತಗಡಿನ ಮೈಗೇ ತಾಗಿ ಕೂತಿತ್ತು. ಬಾಗಿಲು ತೆರೆದೇ ಇತ್ತು, ಬೆರಳಿಗೆ ನಡುಕ ಸಿಕ್ಕಿತು, ಗಾಡಿ ಕೊಟ್ಟು ಕಳಿಸಿದರು. ಬಾಗಿಲು ಮುಚ್ಚಿದ ಮೇಲೂ, ಲೈಟು ಉರಿಯುವಷ್ಟು ಹೊತ್ತೂ ಅದು ಅರಚುತ್ತಲೇ ಇತ್ತು. ಪಾಪ, ಆ ಚಾಲಕ ಇದು ಹೀಗೇ ಇರಬೇಕೇನೋ ಎಂದುಕೊಂಡು ರಾತ್ರಿಯಿಡೀ ಪ್ರಯಾಣಿಕರಿಂದ ಬೈಸಿಕೊಂಡ.

"ನಗು ಬರುತ್ತೆ, ಅಲ್ವಾ? ನನಗೂ ಬಂತು," ಎನ್ನುತ್ತಾರೆ ಲೈಟಣ್ಣ, ತಮ್ಮ ಬಗ್ಗೆ ಬರೆಯಲು ಬಂದ ಪತ್ರಿಕೆಯವರಿಗೆ. "ಆಮೇಲೆ ಒಂದು ವಾರ ಊಟ ಸೇರಲಿಲ್ಲ."

ಅಂದಿನಿಂದ ಬೆರಳನ್ನು ನಂಬುವುದಿಲ್ಲ, ಹೆಂಡತಿಯೇ ಅವರ ಕಿವಿ. ಚಹಾ ತರುವ ನೆಪದಲ್ಲಿ ಬರುತ್ತಾರೆ, ಚಾಲಕನ ಸೀಟಿನಲ್ಲಿ ಕೂರುತ್ತಾರೆ, ಬಾಗಿಲು ತೆಗೆದು ಮುಚ್ಚಿ ಕಣ್ಣಲ್ಲೇ ಸನ್ನೆ ಮಾಡುತ್ತಾರೆ. ಗಿರಾಕಿಗಳ ಕಣ್ಣಿಗೆ ಇದು ಕಾರಿನಲ್ಲಿ ಕೂರುವ ಆಸೆ. ಸಂಜೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದು ಬರುವ ಆಕೆಗೆ ಈ ಆಸೆ ಎಂದೋ ತೀರಿದೆ. "ನಿದ್ದೇಲೂ ಅದೇ ಕೂಗು ಕೇಳಿಸುತ್ತೆ. ಇವರು ಮಾತ್ರ ಹಾಯಾಗಿ ಮಲಗಿರ್ತಾರೆ," ಎಂದು ಗಂಡನ ಎದುರೇ ದೂರುತ್ತಾರೆ.

ಈಗ ಆಸ್ಪತ್ರೆಯವರು ಆಕೆಯನ್ನು ಬೆಳಗಿನ ಪಾಳಿಗೆ ಹಾಕಿದ್ದಾರೆ. ಸೋಮವಾರದಿಂದ ಶೆಡ್ಡಿಗೆ ಬರಲಾಗದು. ಬಜರ್ ಕೆಲಸ ಬಿಟ್ಟರೆ ಅರ್ಧ ಗಿರಾಕಿಗಳು ಹೋಗುತ್ತಾರೆ. ಬಿಡದೆ ಮಾಡಿ ಮತ್ತೊಮ್ಮೆ ಎಡವಿದರೆ ಎಲ್ಲರೂ ಹೋಗುತ್ತಾರೆ. ಇಬ್ಬರಿಗೂ ಅದೇ ಕೊರಗು.

ಪತ್ರಿಕೆಯವರು ನೋಟ್‌ಬುಕ್ಕಿನ ಪುಟ ತಿರುಗಿಸುವಾಗ ಆಕೆ ದನಿ ತಗ್ಗಿಸುತ್ತಾರೆ. "ಕಿವಿ ವಿಷಯ ಬರೀಬೇಡಿ. ಕಿವುಡನ ಕೈಗೆ ಯಾರು ಗಾಡಿ ಕೊಡ್ತಾರೆ?"

ಲೈಟಣ್ಣ ಹೆಂಡತಿಯ ತುಟಿಯನ್ನೇ ನೋಡುತ್ತಿದ್ದಾರೆ. ಕೈಯ ಎಣ್ಣೆಯನ್ನು ಬಟ್ಟೆಗೆ ನಿಧಾನವಾಗಿ ಒರೆಸಿಕೊಳ್ಳುತ್ತಾರೆ. ಬಚ್ಚಿಟ್ಟು ಬಚ್ಚಿಟ್ಟು ಅವರಿಗೂ ಸಾಕಾಗಿದೆ.

"ಬರೀಲಿ ಬಿಡೇ," ಎನ್ನುತ್ತಾರೆ. "ಓದಿದೋರು ಬಂದಾಗ ತಾವೇ ಸೀಟಲ್ಲಿ ಕೂತು, ಬಾಗಿಲು ತೆಗೆದು ಮುಚ್ಚಿ, ಸದ್ದು ಬಂತೋ ಇಲ್ವೋ ಅಂತ ನನ್ನ ಮುಖ ನೋಡಿ ಹೇಳಲಿ. ಅಷ್ಟು ಹೇಳಿದ್ರೆ ಸಾಕು. ಮಿಕ್ಕ ಕೆಲಸವೆಲ್ಲ ನನ್ನ ಕೈಗೆ ಗೊತ್ತು."