ದಿಬ್ಬದ ಅಂಚಿನ ಗಡಗಡಿ

ತೊಳೆಯದ ಬಾಟಲಿಯಲ್ಲಿ ನೀರು ತಂದು ತಪ್ಪು ವರದಿ ಕೊಟ್ಟೆನೆಂದು ತುಂಬಿದ ಸಭೆಯಲ್ಲಿ ನನ್ನನ್ನು ಅವಮಾನಿಸಲಾಯಿತು. ವೃತ್ತಿಜೀವನವನ್ನೆಲ್ಲ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕಳೆದವನು ನಾನು. ಆ ಮಾತನ್ನಾಡಿದ ಅಧಿಕಾರಿ ವರ್ಗವಾಗಿ ಹೋದರು. ಮಾತು ಮಾತ್ರ ನನ್ನಲ್ಲೇ ಉಳಿದಿದೆ. ಮರೆಯುವ ಉದ್ದೇಶವೂ ನನಗಿಲ್ಲ.

ಈಗ ಬರೆಯಹೊರಟ ಸಂಗತಿಯನ್ನು ಬೇರೊಬ್ಬರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ದೆವ್ವ, ಶಕುನಗಳ ಮಾತು ಬಂದರೆ ಎದ್ದುಹೋಗುವ ಸ್ವಭಾವ ನನ್ನದು. ಓದುಗರೂ ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ.

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಿಂದ ಒಳಗೆ, ಬಂಡೆಗುಡ್ಡಗಳ ನಡುವೆ ನಗರಸಭೆಯ ಒಂದು ಕಸದ ದಿಬ್ಬವಿದೆ. ಕಸ ಸುರಿಯುವುದನ್ನು ನಿಲ್ಲಿಸಿ, ಮೇಲೆ ಕೆಂಪು ಮಣ್ಣು ಹರಡಿ, ಬೇಲಿ ಹಾಕಿದ್ದರು. ಅದರ ಪಕ್ಕದ ಓಣಿಯವರೆಲ್ಲ ದಿಬ್ಬ ಎದ್ದ ಮೇಲೆ ಬೇರೆ ಊರುಗಳಿಂದ ಬಂದು ನೆಲೆಸಿದವರು. ಸುತ್ತಲಿನ ನೀರು ಕುಡಿಯಲು ಯೋಗ್ಯವೇ ಎಂದು ನೋಡಿಕೊಡಲು ಅವರು ನನ್ನನ್ನು ಕರೆದರು. ನಿವೃತ್ತಿಯ ನಂತರವೂ ನನ್ನ ವಿದ್ಯೆ ಬೇಕಾಯಿತಲ್ಲ ಎಂಬ ಹಿಗ್ಗಿನಿಂದಲೇ ಒಪ್ಪಿದೆ. ಈ ಕೆಲಸಕ್ಕೊಂದು ಕ್ರಮವಿದೆ. ಕೊಳವೆಯಲ್ಲಿ ನಿಂತ ನೀರನ್ನು ಮೊದಲು ಹೊರಹಾಕಬೇಕು. ಹೊಸ ನೀರು ಬಂದ ಮೇಲೆ ಅದರಿಂದಲೇ ಬಾಟಲಿ ತೊಳೆದು ತುಂಬಬೇಕು. ಆ ಕ್ರಮವನ್ನು ನಾನು ಎಂದೂ ತಪ್ಪಿದವನಲ್ಲ.

ದಿಬ್ಬದ ತಗ್ಗಿನಲ್ಲಿದ್ದ ನೀರು ಕೆಟ್ಟಿದ್ದು ಆಶ್ಚರ್ಯವಲ್ಲ. ಆದರೆ ದಿಬ್ಬಕ್ಕಿಂತ ಎತ್ತರದ ಏರಿನ ಮೇಲೆ, ಶಾಂತವ್ವ ಎಂಬ ಕೂಲಿ ಹೆಣ್ಣುಮಗಳ ಮನೆಯೆದುರಿನ ಕೈಪಂಪಿನ ನೀರೂ ಕೆಟ್ಟಿತ್ತು. ಇಡೀ ಓಣಿ ಕುಡಿಯುತ್ತಿದ್ದದ್ದು ಅದನ್ನೇ. ನಾನಿದನ್ನು ನಗರಸಭೆ ಕರೆದ ಸಭೆಯಲ್ಲಿ ಹೇಳಿದಾಗ ಅಧಿಕಾರಿ ನಕ್ಕರು. "ಏನ್ರಿ ಹಿರಿಯರ, ನೀರು ಏರಿ ಹತ್ತತದೇನ್ರಿ? ನೀವು ಬಾಟ್ಲಿ ತೊಳದಿಲ್ಲ, ಅಷ್ಟ." ಸಭೆಯೂ ನಕ್ಕಿತು. ಪಂಪಿನ ನೀರು ಚೆನ್ನಾಗಿದೆಯೆಂದು ಬರೆದು, ಪರೀಕ್ಷೆ ಮುಗಿಯುವವರೆಗೆಂದು ಓಣಿಗೆ ಬರುತ್ತಿದ್ದ ಟ್ಯಾಂಕರನ್ನೂ ನಿಲ್ಲಿಸಿದರು.

ನಾನು ಮತ್ತೆ ನೀರು ತೆಗೆಯಲು ಹೋದದ್ದು ಬೇಸಿಗೆಯ ಒಂದು ನಡುಹಗಲು. ನಿಂತ ನೀರು ಹೊರಹೋಗಲೆಂದು ಶಾಂತವ್ವ ಪಂಪು ಹೊಡೆಯುತ್ತಿದ್ದರು. ದಣಿದು ಕೈಬಿಟ್ಟಾಗ ಒಂದು ಸದ್ದು ಕೇಳಿಸಿತು. ಬಾವಿಯ ಗಡಗಡಿಯ ಮೇಲೆ ಹಗ್ಗ ಓಡಿದ ಕಿರುಗುಟ್ಟುವ ಸದ್ದು, ಕೊಡ ನೀರಿಗೆ ಬಿದ್ದ ಸದ್ದು, ಮತ್ತೆ ಗಡಗಡಿ.

"ಯಾರವ್ವಾ ನೀರು ಸೇದಾಕತ್ತಾರ?" ಎಂದೆ.

"ಇಲ್ಲೆಲ್ಲಿ ಬಾವಿ ಅದ್ರಿ ಸೇದಾಕ?" ಎಂದ ಶಾಂತವ್ವ ಅಲ್ಲಿಗೇ ಮಾತು ನಿಲ್ಲಿಸಿ ಕಿವಿಗೊಟ್ಟರು. ಅವರಿಗೂ ಕೇಳಿಸುತ್ತಿತ್ತು.

ಸದ್ದಿನ ದಿಕ್ಕಿಗೆ ನಡೆದೆವು. ದಿಬ್ಬದ ಮೇಲಂಚಿನಲ್ಲಿ ಅದು ನನ್ನ ಪಾದದ ಕೆಳಗೇ ಇತ್ತು. ನಾನು ಕೊಡೆಯ ತುದಿಯನ್ನು ಮಣ್ಣಿಗೆ ಊರಿದೊಡನೆ ಸದ್ದು ನಿಂತುಹೋಯಿತು.

ನಮ್ಮನ್ನು ಕಂಡು ಬಂದ ನೆರೆಮನೆಯ ಹೆಣ್ಣುಮಗಳು ಸಂಗತಿ ಕೇಳಿ ನಕ್ಕಳು: "ಅಜ್ಜಾರಿಗಿ ಬಿಸಲು ತಲಿಗೇರ್ಯಾದ!"

"ಹಂಗಾರ ನನಗೂ ಏರ್ಯಾದೇನಬೇ? ಹೋಗು, ಹಾರಿ, ಸಲಿಕಿ ತಗೊಂಡ್ ಬಾ," ಎಂದರು ಶಾಂತವ್ವ.

ಓಣಿಯ ಹೆಂಗಸರು ಸೆರಗು ಸಿಕ್ಕಿಸಿ ಅಗೆದರು. ಅಷ್ಟು ಹುರುಪಿನ ಕೆಲಸವನ್ನು ನಾನು ಯಾವ ಇಲಾಖೆಯಲ್ಲೂ ಕಂಡಿಲ್ಲ. ಕಟೆದ ಕಲ್ಲಿನ ದುಂಡನೆಯ ಕಟ್ಟೆಯೊಂದು ಮೇಲೆ ಬಂತು. ಅದು ಹಳೆಯ ಬಾವಿ. ಬಾಯಿಯವರೆಗೂ ಪ್ಲಾಸ್ಟಿಕ್ಕು, ಕೊಳೆತ ಕಸ, ಕಪ್ಪು ರಸ. ಹೊಲಸು ನೆಲದ ಇಳಿಜಾರನ್ನು ಹಿಡಿದಿರಲಿಲ್ಲ. ಬಾವಿಯ ತಳದ ಬಂಡೆಯ ಬಿರುಕು ಹಿಡಿದು, ಅದಕ್ಕಿಂತ ಆಳಕ್ಕೆ ಇಳಿದಿದ್ದ ಕೈಪಂಪಿನ ಕೊಳವೆಗೆ ಸೇರುತ್ತಿತ್ತು. ನನ್ನ ಬಾಟಲಿ ಶುದ್ಧವಾಗಿಯೇ ಇತ್ತು. ಆ ಮಧ್ಯಾಹ್ನ ಆ ಕಟ್ಟೆಯ ಪಕ್ಕದಲ್ಲಿ ನಾನು ತಲೆಯೆತ್ತಿ ನಿಂತಷ್ಟು ಯಾವ ಸನ್ಮಾನದ ವೇದಿಕೆಯಲ್ಲೂ ನಿಂತಿಲ್ಲ.

"ಬಾವಿ ಮುಚ್ಚೂಕಿಂತ ಮೊದಲ ನೀರಿನ ತಾಯಿ ಗಂಗವ್ವಗ ಉಡಿ ತುಂಬಿ, ಕೈ ಮುಗೀತಾರ್ರಿ. ಇವರು ನಾಯಿ ಹೆಣ ಒಗದಂಗ ಕಸ ಒಗದಾರ," ಎಂದ ಶಾಂತವ್ವ ಒಳಗೆ ಹೋಗಿ ಕುಪ್ಪಸದ ಬಟ್ಟೆ, ಅಕ್ಕಿ, ಕುಂಕುಮ ತಂದು ಕಟ್ಟೆಯ ಮೇಲಿಟ್ಟರು. ನಾನು ತಡೆಯಲಿಲ್ಲ.

ಅಲ್ಲಿ ಗಡಗಡಿಯಿರಲಿಲ್ಲ, ಹಗ್ಗವಿರಲಿಲ್ಲ, ಕೊಡ ಮುಳುಗುವಷ್ಟು ನೀರೂ ಇರಲಿಲ್ಲ. ಗಾಳಿಯೆನ್ನೋಣವೆಂದರೆ ಅಂದು ಎಲೆಯೂ ಅಲುಗಿರಲಿಲ್ಲ. ಕಸದೊಳಗಿನ ಅನಿಲವೆನ್ನೋಣವೆಂದರೆ ಅನಿಲ ನೀರು ಸೇದುವುದಿಲ್ಲ. ಆಮೇಲೆ ಎಷ್ಟೋ ಮಧ್ಯಾಹ್ನ ಅಲ್ಲಿ ಹೋಗಿ ಕುಳಿತೆ, ಏನೂ ಕೇಳಿಸಲಿಲ್ಲ. "ಗಂಗವ್ವ ಹೇಳೂದು ಹೇಳಿ ಮುಗಿಸ್ಯಾಳ. ಮತ್ಯಾಕ ಕರೀತಾಳ್ರಿ?" ಎನ್ನುತ್ತಾರೆ ಶಾಂತವ್ವ.

ಪಂಪಿಗೆ ಬೀಗ ಬಿತ್ತು, ಟ್ಯಾಂಕರು ಮರಳಿ ಬಂತು, ಕ್ಷಮೆ ಬರಲಿಲ್ಲ. ಅಲ್ಲಿ ಬಾವಿಯಿದ್ದ ಮಾಹಿತಿ ತಮಗಿರಲಿಲ್ಲವೆಂದು ನಗರಸಭೆಯ ಕಚೇರಿಯವರು ಬರೆದುಕೊಟ್ಟರು. ನನ್ನ ಕಿವಿಗೆ ಬಿದ್ದದ್ದು ಏನೆಂದು ನನಗೆ ತಿಳಿಯದು, ಒಪ್ಪುತ್ತೇನೆ. ಆದರೆ ಸ್ವಾಮಿ, ಮೊದಲ ಲಾರಿಯನ್ನು ಹಿಂದಕ್ಕೆ ಬಿಟ್ಟು ಕಸ ಸುರಿಸಿದ ದಿನ ಆ ಬಾವಿ ಹಾಡಹಗಲಲ್ಲಿ ಬಾಯಿ ತೆರೆದು ನಿಮ್ಮೆದುರೇ ಇತ್ತಲ್ಲ, ಅದರೊಳಗೆ ನೀರಿದ್ದದ್ದು ನಿಮಗೆ ಕಾಣಲಿಲ್ಲವೇ?