ಚರಂಡಿಯ ಮೇಲೊಂದು ವೇದಿಕೆ

ಸ್ನೇಹಿತರೇ, ಮಣ್ಣಗುಡ್ಡದ ನಮ್ಮ ರಸ್ತೆಯ ನಿವಾಸಿಗಳ ಸಂಘದ ಸಭೆಯಿಂದ ಈಗಷ್ಟೇ ತಲೆ ಹಿಡಿದುಕೊಂಡು ಬಂದೆ. ಸಭೆ ಕರೆದದ್ದು ಚರಂಡಿಯ ಒಡೆದ ಚಪ್ಪಡಿಯ ಬಗ್ಗೆ. ಪಕ್ಕದ ಮನೆಯ ಹಿರಿಯರಾದ ಹಮೀದಾಕ ಕಳೆದ ವಾರ ಅದರೊಳಗೆ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಯಾರಿಗೂ ಮರೆತುಹೋಗದಿರಲಿ ಎಂದು ಪ್ಲಾಸ್ಟರಿನ ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿಯೇ ಕೂತಿದ್ದರು.

ಅಧ್ಯಕ್ಷರಾದ ಶೆಟ್ರು ಮಾತ್ರ ವಾರ್ಷಿಕೋತ್ಸವದ ಮಾತು ತೆಗೆದರು. ಅಲ್ಲಿಂದ ಮುಂದೆ ವೇದಿಕೆಯಲ್ಲಿ ಯಾರು ಕೂರಬೇಕು, ಯಾರಿಗೆ ಶಾಲು, ಯಾರಿಗೆ ಬರೀ ಹೂಗುಚ್ಛ ಎಂಬುದೇ ಜಗಳ. "ನನಗೆ ಹೋದ ಸಲವೂ ಬರೀ ಹೂವು" ಎಂದು ಒಬ್ಬರು ಎದ್ದು ಹೊರಟೇ ಬಿಟ್ಟರು.

"ಶೆಟ್ರೇ, ಚಪ್ಪಡಿಯದ್ದು ಎಂತ ಆಯ್ತು?" ಎಂದರು ಹಮೀದಾಕ.

"ಅದಕ್ಕೂ ಐಡಿಯಾ ಉಂಟು ಮಾರಾಯ್ರೆ. ಸ್ಟೇಜನ್ನು ಅದರ ಮೇಲೆಯೇ ಹಾಕುವ. ಗುಂಡಿಯೂ ಕಾಣುವುದಿಲ್ಲ, ಯಾರೂ ಬೀಳುವುದೂ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸಭೆ ಮುಗಿಯಿತು.

ವಾರ್ಷಿಕೋತ್ಸವದ ಧನ್ಯವಾದ ಸಮರ್ಪಣೆಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ಗಣ್ಯರನ್ನೆಲ್ಲ ಹೊತ್ತುಕೊಳ್ಳುವ ಚರಂಡಿಗೇ ಮೊದಲ ಧನ್ಯವಾದ ಹೇಳುತ್ತೇನೆ. ಸ್ಟೇಜು ಬಿಚ್ಚಿದ ಮೇಲೆ ಅದಕ್ಕೂ ಒಂದು ಶಾಲು ಹೊದಿಸಿದರೆ, ಮುಚ್ಚಿದಂತೆಯೂ ಆಯಿತು.