ಕಟ್ಟಿದ ಲಿಂಗ ವಾಪಸು ಕೇಳಿದ ಶರಣರು

ಗಂಡನ ಭಾಷಣ ಸೂಗಮ್ಮನಿಗೆ ಬಾಯಿಪಾಠ. ಎಲ್ಲಿ ದನಿ ಏರುತ್ತದೆ, ಎಲ್ಲಿ ಕಣ್ಣು ಮುಚ್ಚುತ್ತಾರೆ, ಎಲ್ಲಿ ಕರವಸ್ತ್ರ ಜೇಬಿನಿಂದ ಹೊರಬೀಳುತ್ತದೆ, ಎಲ್ಲ ಗೊತ್ತು. ಓಂಪ್ರಕಾಶ ಅವರದು ಹುಮನಾಬಾದಿನ ಮಾರ್ಕೆಟ್ಟಿನಲ್ಲಿ ಅಡತಿ ಅಂಗಡಿ. ರೈತರ ತೊಗರಿ ಹರಾಜಿಗೆ ಹಚ್ಚಿ ಕಮಿಷನ್ ತಿನ್ನುವ ಧಂದೆ. ಊರು ಮಾತ್ರ ಅವರನ್ನು ಶರಣರು ಎನ್ನುತ್ತದೆ. ಹಣೆ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ. ಬಸವಕಲ್ಯಾಣದಲ್ಲಿ ಯಾವ ಸಮಾವೇಶವಿದ್ದರೂ ಮುಂದಿನ ಸಾಲಿನ ಕುರ್ಚಿ ಅವರದೇ. ಹಿಂದಿನ ಸಾಲಿನಲ್ಲಿ ಕೂರಿಸಿದರೆ ಮಹಾನುಭಾವರಿಗೆ ಮೈ ಬಿಸಿಯಾಗಿಬಿಡುತ್ತದೆ.

'ಇದೇ ಕಲ್ಯಾಣದೊಳಗ ಮೇಲು ಕುಲದವರ ಮಗಳನ್ನ ಚಮ್ಮಾರರ ಮಗನಿಗಿ ಕೊಟ್ಟು ಮದಿವಿ ಮಾಡ್ಯಾರ್ರಿ ನಮ್ಮ ಶರಣರು! ಅದಕ್ಕಂತ ಜೀವಾ ಕೊಟ್ಟಾರ್ರಿ!' ಎನ್ನುವಲ್ಲಿಗೆ ಕರವಸ್ತ್ರ ಬರುತ್ತದೆ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಹುಡಗಿ ಎಂಬ ಊರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ಸೂಗಮ್ಮನೂ ಅತ್ತವಳೇ. ಎಂಥ ಪುಣ್ಯಾತ್ಮನ ಕೈ ಹಿಡಿದೆ ಎಂದು ತವರಿನಲ್ಲಿ ಹೇಳಿಕೊಂಡು ಮೆರೆದವಳೇ. ಆಮೇಲೊಮ್ಮೆ, ಹಿತ್ತಲು ಗುಡಿಸಲು ಬರುತ್ತಿದ್ದ ಕೇರಿಯ ಹೆಣ್ಣುಮಗಳು ಮಳೆಗೆ ಹೆದರಿ ಅಡುಗೆಮನೆಯೊಳಗೆ ಬಂದು ನಿಂತಳು. ಅಷ್ಟಕ್ಕೇ ಪುಣ್ಯಾತ್ಮ ಇಡೀ ಮನೆ ತೊಳೆಸಿದ. ತೊಳೆದವಳು ಸೂಗಮ್ಮ. ಅವತ್ತಿನಿಂದ ಭಾಷಣಕ್ಕೆ ಅವಳ ಕಣ್ಣು ಒದ್ದೆಯಾಗಿಲ್ಲ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ!

ಹೋಗಲಿ ಬಿಡಿ, ಬರೀ ಭಾಷಣದಿಂದ ಯಾರ ಮನೆಯೂ ಮುರಿಯುವುದಿಲ್ಲ. ಶರಣರಿಗೆ ಜಿಲ್ಲಾ ಪಂಚಾಯಿತಿಯ ಟಿಕೆಟ್ಟಿನ ಆಸೆ ಹುಟ್ಟಿತು, ಅಲ್ಲಿಂದ ಶುರುವಾಯಿತು ಪೀಡೆ. 'ಕೇರಿ ವೋಟ ತರ್ತೀರೇನ್ರಿ?' ಎಂದು ಪಾರ್ಟಿಯವರು ಕೇಳಿದ್ದೇ ತಡ, ಕಲ್ಯಾಣದಲ್ಲಿ ಸಾಮೂಹಿಕ ಲಿಂಗದೀಕ್ಷೆ ಏರ್ಪಾಡಾಯಿತು. ಸ್ವಾಮಿಗಳೊಬ್ಬರು ಕೇರಿಯ ಹುಡುಗರ ಕೊರಳಿಗೆ ಲಿಂಗ ಕಟ್ಟಿದರು. ಕರಡಿಗೆಗಳ ಖರ್ಚು ಓಂಪ್ರಕಾಶರದು, ಮೈಕೂ ಅವರದೇ.

'ಲಿಂಗ ಕಟ್ಟಿದ ಮ್ಯಾಲ ಹಿಂದಿನ ಜಾತಿ ಕೇಳಿದವ ಪಾಪಿ! ಇವರು ನನ್ನ ಮಕ್ಕಳು. ಇವರಿಗಿ ನಾ ಹೆಣ್ಣ ಕೊಡತೀನಿ!'

ಜನ ಚಪ್ಪಾಳೆ ತಟ್ಟಿದರು, ಯಾರೂ ನಂಬಲಿಲ್ಲ. ನಂಬಿದವಳು ಒಬ್ಬಳೇ, ಅವರ ಸ್ವಂತ ಮಗಳು ವರ್ಷಾ. ಅವಳು ಚಿಟಗುಪ್ಪದ ಶಾಲೆಯಲ್ಲಿ ಟೀಚರು. ಅದೇ ಊರಿನ ದನಗಳ ದವಾಖಾನೆಯಲ್ಲಿ ಕೊಡಂಬಲದ ರತ್ನದೀಪ ಕಂಪೌಂಡರು, ಅವಳು ಮನಸ್ಸಿಟ್ಟವನು. ಅವತ್ತು ಲಿಂಗ ಕಟ್ಟಿಸಿಕೊಂಡವರಲ್ಲಿ ಅವನೂ ಒಬ್ಬ. ಅವನಿಗೇನೂ ಆ ಹುಕಿ ಇರಲಿಲ್ಲ, ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ ಇದ್ದವನಿಗೆ ಅಷ್ಟೇ ಸಾಕಿತ್ತು. 'ನಮ್ಮಪ್ಪ ಮಾತಿಗಿ ತಪ್ಪಲ್ಲ, ಕಟ್ಟಿಸ್ಕೊ' ಎಂದು ದುಂಬಾಲು ಬಿದ್ದವಳು ವರ್ಷಾ. ಪಾಪದ ಕೂಸು! ಅಪ್ಪನ ಭಾಷಣ ಕೇಳುತ್ತಲೇ ಬೆಳೆದವಳು ಅದನ್ನು ನಿಜವೆಂದೇ ತಿಳಿದಿದ್ದಳು.

ಒಂದು ಭಾನುವಾರ ರತ್ನದೀಪ ಹುಮನಾಬಾದಿನ ಮನೆಗೆ ಬಂದ. ಅಂಗಿಯ ಮೇಲೆ ಕರಡಿಗೆ ಕಾಣುವ ಹಾಗೆ ಹಾಕಿಕೊಂಡಿದ್ದ.

'ಬಾರೋ ತಮ್ಮಾ, ಶರಣು ಶರಣಾರ್ಥಿ!' ಎಂದರು ಓಂಪ್ರಕಾಶ, ವೋಟೇ ನಡೆದುಕೊಂಡು ಬಂದಷ್ಟು ಸಂತೋಷದಿಂದ. ಅವನು ಕೈಕಟ್ಟಿ ನಿಂತು ವರ್ಷಾಳನ್ನು ತನಗೆ ಮದುವೆ ಮಾಡಿಕೊಡಿ ಎಂದು ಕೇಳಿದ. ಶರಣರ ಮುಖ ಸುಟ್ಟ ಬದನೆಕಾಯಿಯಂತಾಯಿತು.

'ಏನಂದಿ?'

'ನೀವೇ ಹೇಳಿದ್ರಲ್ಲರಿ ಅಣ್ಣೋರೆ, ಹೆಣ್ಣ ಕೊಡತೀನಿ ಅಂತ.'

'ಸ್ಟೇಜ್ ಮ್ಯಾಲಿನ ಮಾತು ಸ್ಟೇಜ್ ಮ್ಯಾಲ! ಅದನ್ನ ಮನಿತನಕ ಹೊತ್ಕೊಂಡ್ ಬರ್ತಾರೇನೋ, ಹುಚ್ಚಪ್ಯಾಲಿ? ಬಿಚ್ಚು ಮದಲ. ಆ ಲಿಂಗ ಬಿಚ್ಚಿಟ್ಟು ನಡಿ. ಕರಡಿಗಿ ನನ್ನ ರೊಕ್ಕದ್ದು!'

ಸೂಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಒಮ್ಮೆ ಕಟ್ಟಿದ ಲಿಂಗ ಸತ್ತ ಮೇಲೂ ಮೈಬಿಟ್ಟು ಹೋಗುವುದಿಲ್ಲ. ಹೆಣದ ಅಂಗೈಯಲ್ಲಿಟ್ಟು ಅದರೊಂದಿಗೇ ಮಣ್ಣು ಮಾಡುತ್ತಾರೆ. ಹೆಣದಿಂದ ಯಾರೂ ಕಸಿಯದ್ದನ್ನು ಈ ಮನುಷ್ಯ ಬದುಕಿದವನ ಕೊರಳಿನಿಂದ ಕೇಳುತ್ತಿದ್ದಾನೆ! ರತ್ನದೀಪ ಕರಡಿಗೆ ತೆರೆದು ಲಿಂಗವನ್ನು ತೆಗೆದು ಕರ್ಚೀಫಿನಲ್ಲಿ ಕಟ್ಟಿಕೊಂಡ. 'ಬೆಳ್ಳಿ ನಿಮ್ಮದು, ಇಟ್ಕೋರಿ' ಎಂದು ಖಾಲಿ ಕರಡಿಗೆಯನ್ನು ಟೀಪಾಯಿ ಮೇಲಿಟ್ಟು ಹೋದ. ಓಂಪ್ರಕಾಶ ಅದನ್ನೆತ್ತಿ ಎಲ್ಲಾದರೂ ನೆಗ್ಗಿದೆಯೇ ಎಂದು ತಿರುಗಿಸಿ ನೋಡಿದರು. ನೋಡಿ ಕಪಾಟಿನಲ್ಲಿಟ್ಟರು. ಥೂ! ಇಂಥವನಿಗೆ ಇಷ್ಟು ವರ್ಷ ಅಡುಗೆ ಮಾಡಿ ಹಾಕಿದೆನಲ್ಲ ಎಂದು ಸೂಗಮ್ಮನಿಗೆ ಹೇಸಿಗೆಯಾಯಿತು.

ವರ್ಷಾ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟಳು. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಯಿತು. ಇತ್ತ ಓಂಪ್ರಕಾಶ ಹೆಂಡತಿಯ ಎದುರು ಬೆರಳೆತ್ತಿ ನಿಂತರು.

'ಆಕಿ ನಮ್ಮ ಪಾಲಿಗಿ ಸತ್ಲು. ನೀ ಆಕಿ ಮನಿಗಿ ಹೋದಿ ಅಂದ್ರ ತಿರುಗಿ ಇಲ್ಲಿ ಬರಬ್ಯಾಡ.'

ಸೂಗಮ್ಮ ಹೋಗಲಿಲ್ಲ. ಹೋದರೆ ಇರುವುದೆಲ್ಲಿ? ತವರಿನಲ್ಲಿ ಅಣ್ಣನ ಕಾರುಬಾರು, ಅವನೂ ಶರಣರ ಭಕ್ತನೇ. ಗಂಡ ಅಂಗಡಿಗೆ ಹೋದಾಗ ಕದ್ದು ಫೋನು ಮಾಡುವುದು, 'ಏನ್ ಅಡಗಿ ಮಾಡೀದಿ ಅವ್ವಿ?' ಎಂದು ಕೇಳಿ ಬಾಯಿಗೆ ಸೆರಗು ಒತ್ತಿಕೊಳ್ಳುವುದು, ಇಷ್ಟೇ ಅವಳ ಬಾಳಾಯಿತು. ಮಗಳ ಮುಖ ನೋಡಬೇಕೆಂದು ಜೀವ ಹಪಹಪಿಸುತ್ತಿತ್ತು. ಅತ್ತ ಶರಣರು ಮಾತ್ರ ಕಲ್ಯಾಣದಲ್ಲಿ ಕರವಸ್ತ್ರ ತೆಗೆಯುತ್ತಲೇ ಇದ್ದರು.

ಈಗ ಚುನಾವಣೆಯ ಗಾಳಿ ಮತ್ತೆ ಬೀಸಿದೆ. ಎದುರಾಳಿಗಳು ಹಳ್ಳಿ ಹಳ್ಳಿಗೆ ಸುದ್ದಿ ಹಬ್ಬಿಸಿದರು: ಲಿಂಗ ಕಟ್ಟಿಸಿಕೊಂಡವನಿಗೇ ಹೆಣ್ಣು ಕೊಡದೆ ಮಗಳನ್ನು ಹೊರಗೆ ಹಾಕಿದ ಶರಣ ಇವನು. ಪಾರ್ಟಿಯವರು ಕರೆದು ಝಾಡಿಸಿದರು. ಮರುದಿನವೇ ಶರಣರ ಎದೆಯಲ್ಲಿ ಪಿತೃವಾತ್ಸಲ್ಯ ಉಕ್ಕಿತು.

'ಏ, ಛೊಲೊ ಸೀರಿ ಉಟ್ಕೊ. ಕೊಡಂಬಲಕ ಹೋಗದದ. ಯೂಟ್ಯೂಬ್‌ನವರೂ ಬರಾಕತ್ತಾರ.'

ಯಾಕೆ ಹೊರಟಿದ್ದಾರೆಂದು ಅವಳಿಗೆ ತಿಳಿಯದೆ ಏನು? ಆದರೂ ಉಟ್ಟಳು. ಕಳ್ಳನ ಗಾಡಿಯಾದರೂ ಸರಿ, ಮಗಳ ಮನೆಗೆ ಹೋಗುತ್ತದಲ್ಲ!

ಕೊಡಂಬಲದ ಆ ಚಿಕ್ಕ ಪಡಸಾಲೆಯಲ್ಲಿ ವರ್ಷಾ ತಾಯಿಯ ತೋಳು ಹಿಡಿದು ಕೂತಳು, ಬಿಡಲಿಲ್ಲ. ರತ್ನದೀಪ ದೂರ ನಿಂತಿದ್ದ. ಅವನ ತಾಯಿ ಸುಶೀಲಾಬಾಯಿ ಹೊಸ ಕಪ್ಪುಗಳಲ್ಲಿ ಚಹಾ ತಂದಳು. ಓಂಪ್ರಕಾಶ ಕ್ಯಾಮೆರಾದ ಕಡೆ ತಿರುಗಿ ಕಪ್ಪನ್ನು ತುಟಿಯ ಹತ್ತಿರ ಒಯ್ದು, ಫೋಟೊ ಆದೊಡನೆ ಕೆಳಗಿಟ್ಟರು. ಮೈಕು ಹಿಡಿದರು.

'ಸ್ವಂತ ಮಗಳನ್ನ ನಾನೇ ಮುಂದ ನಿಂತು ಈ ಮನಿಗಿ ಕೊಟ್ಟೀನಿ! ಕಲ್ಯಾಣದ ಶರಣರ ದಾರಿ ಇದು!'

'ಚಹಾ ಆರಾಕತ್ತದ್ರಿ ಸಾಹುಕಾರ್ರೆ' ಎಂದಳು ಸುಶೀಲಾಬಾಯಿ, ಮೆಲ್ಲಗೆ.

'ಬ್ಯಾಡವ್ವ, ಇವತ್ತ ಸೋಮವಾರದ ಉಪಾಸ ಅದ.'

'ಇವತ್ತ ಬುಧವಾರ ಅದ್ರಿ' ಎಂದಳು ಸೂಗಮ್ಮ.

ಕ್ಯಾಮೆರಾದವನು ಕಿಸಕ್ಕನೆ ನಕ್ಕ. ಸೂಗಮ್ಮ ನಗಲಿಲ್ಲ. 'ಉಪಾಸ ಮಾಡೋರು ಮೂಢರು ಅಂತ ಹೇಳೋರೂ ನೀವೇ ಅಲ್ಲೇನ್ರಿ? ಕುಡೀರಿ. ಬೀಗತಿ ಮಾಡಿದ ಚಹಾ ಅದ.'

ಬೀಗತಿ ಎಂಬ ಮಾತಿಗೆ ಸುಶೀಲಾಬಾಯಿ ಥಟ್ಟನೆ ತಲೆಯೆತ್ತಿದಳು. ಕ್ಯಾಮೆರಾ ನಡೆದೇ ಇತ್ತು. ಶರಣರು ಔಷಧಿ ಕುಡಿಯುವವರ ಹಾಗೆ ಒಂದೇ ಗುಟುಕಿಗೆ ಕುಡಿದರು. ಬಾಗಿಲಲ್ಲಿ ನೆರೆದವರು ಚಪ್ಪಾಳೆ ತಟ್ಟಿದರು. ಕೈಮುಗಿಯುತ್ತ ಹೊರಗೆ ಹೋದ ಶರಣರು ಗಾಡಿಯ ಹಿಂದಕ್ಕೆ ಸರಿದು, ಬಾಟಲಿಯ ನೀರಿನಿಂದ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗುಳತೊಡಗಿದರು. ಯಾರೂ ನೋಡುತ್ತಿಲ್ಲವೆಂದು ಅವರ ಭಾವನೆ. ಕಿಟಕಿಯಲ್ಲಿ ಸುಶೀಲಾಬಾಯಿ ನೋಡಿದಳು. ಖಾಲಿ ಕಪ್ಪು ಅವಳ ಕೈಯಲ್ಲೇ ಇತ್ತು. ಪಕ್ಕದಲ್ಲಿ ನಿಂತು ಸೂಗಮ್ಮನೂ ನೋಡಿದಳು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅವಳು ನೇರ ಗಾಡಿಯ ಹತ್ತಿರ ಹೋದಳು.

'ಹತ್ತು, ಲೇಟಾತು' ಎಂದರು ಓಂಪ್ರಕಾಶ, ಬಾಯಿ ಒರೆಸಿಕೊಳ್ಳುತ್ತ.

'ನಾ ಬರಂಗಿಲ್ಲ. ಇಲ್ಲೇ ಇರ್ತೀನಿ.'

'ತಲಿ ಕೆಟ್ಟದೇನ್ ನಿಂದು? ಎಲೆಕ್ಷನ್ ಎದರಿಗಿ ಅದ. ಜನ ಕೇಳಿದರ ಏನ್ ಹೇಳ್ಲಿ?'

'ಸುಳ್ಳ ಹೇಳಾಕ ನಾ ಕಲಸಬೇಕೇನ್ರಿ ನಿಮಗ? ಮೈಕ್ ಅದಲ್ಲ ಕೈಯಾಗ.'

ಗಾಡಿ ಹೊರಟಿತೋ ಇಲ್ಲವೋ ಎಂದು ಅವಳು ತಿರುಗಿ ನೋಡಲಿಲ್ಲ. ಒಳಗೆ ಬಂದು ಸುಶೀಲಾಬಾಯಿಯ ಕೈಯಿಂದ ಆ ಕಪ್ಪು ತೆಗೆದುಕೊಂಡಳು. 'ಇದನ್ನ ನಾ ತೊಳಿತೀನ್ರಿ' ಎಂದು ಬಚ್ಚಲಿನ ಕಡೆ ನಡೆದಳು.